ನೀವು ಹುಡುಕಿದ್ದು ಸಿಗಲಿಲ್ಲ

ಜೂನ್ 3, ಸೋಮವಾರ

ಈ ನೋಟ್‌ಬುಕ್ ಕೊಂಡು ತಂದದ್ದು ಬೈಯುವುದಕ್ಕೆ. ಲೈಬ್ರರಿಯಲ್ಲಿ ದನಿ ಎತ್ತುವ ಹಾಗಿಲ್ಲ. ಮನೆಯಲ್ಲಿ ಎತ್ತಿದರೆ ಅಕ್ಕ ಕಿವಿಯ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟು ನಗುತ್ತಾಳೆ. ಮತ್ತೆ ನಾನು ಎಲ್ಲಿ ಹೋಗಿ ಬೈಯಲಿ?

ನಮ್ಮ ಲೈಬ್ರರಿಗೆ ಹೊಸ ಹುಡುಕುವ ವ್ಯವಸ್ಥೆ ಬಂದಿದೆ. ಕಾರ್ಡುಗಳಿದ್ದ ಮರದ ಖಾನೆಗಳನ್ನು ಹೊತ್ತುಕೊಂಡು ಹೋಗಿ ಮೆಟ್ಟಿಲ ಕೆಳಗೆ ಪೇರಿಸಿದರು. ಹಿಂದಿನ ಹಾಲಿನಲ್ಲಿ, ಕಪಾಟುಗಳ ಆಚೆ, ಕಂಪ್ಯೂಟರುಗಳ ಸಾಲು ಇಟ್ಟರು. ಪರದೆಯ ನಡುವೆ ಒಂದು ಬಿಳಿ ಪಟ್ಟಿ. ಅದರೊಳಗೆ ಬೇಕಾದ್ದನ್ನು ಟೈಪ್ ಮಾಡಿದರೆ ಪುಸ್ತಕ, ಹಳೆಯ ಪತ್ರಿಕೆ, ಸ್ಕ್ಯಾನ್ ಮಾಡಿಟ್ಟ ಪುಟ ಎಲ್ಲ ಬರುತ್ತವಂತೆ. ಏನೂ ಇಲ್ಲದಿದ್ದರೆ "ನೀವು ಹುಡುಕಿದ್ದು ಸಿಗಲಿಲ್ಲ" ಎಂದು ಬರುತ್ತದೆ. ಮಾಳಿಗೆ ಸೋರುತ್ತಿದೆ, ಓದುವ ಮೇಜಿನ ಮೇಲೆ ಬಕೆಟ್ ಇಟ್ಟಿದ್ದೇವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ನಮ್ಮ ಸಾಹೇಬರಿಗೆ ನಾವಿಟ್ಟ ಹೆಸರು ಶೇಕಡಾ ಸಾಹೇಬರು. ನಮಸ್ಕಾರ ಎಂದರೂ ಎಷ್ಟು ಪರ್ಸೆಂಟ್ ಎಂದು ಕೇಳುವವರು. ಇವತ್ತು ಕರೆದರು.

"ನೋಡಿ ಮೇಡಂ, ಹುಡುಕಿದ ಮೂವರಲ್ಲಿ ಒಬ್ಬರಿಗೆ ಏನೂ ಸಿಗದೆ ಸೊನ್ನೆ ಬರ್ತಿದೆ. ಸೊನ್ನೆ ಬಂದದ್ದೆಲ್ಲ ದಿನಾ ಬೆಳಿಗ್ಗೆ ನಿಮ್ಮ ಮೇಜಿಗೆ ಬರುತ್ತೆ. ತಿಂಗಳ ಕೊನೆಗೆ ಮೇಲಿನವರು ಬರ್ತಾರೆ. ಅಷ್ಟರಲ್ಲಿ ಇದು ಇಳೀಬೇಕು."

"ಜನ ಸರಿಯಾಗಿ ಕೇಳಿದ್ರೆ ತಾನೇ ಸಾರ್ ಸಿಗೋದು?"

"ಅದನ್ನೇ ಸರಿ ಮಾಡಿ. ಇಳೀಲಿಲ್ಲ ಅಂದ್ರೆ ನಿಮ್ಮ ವಿಚಾರಣೆ ಮೇಜು ಯಾಕೆ ಬೇಕು ಅಂತ ಕೇಳ್ತಾರೆ. ಅಲ್ಲೊಂದು ಟಚ್ ಸ್ಕ್ರೀನ್ ನಿಲ್ಲಿಸ್ತಾರೆ. ನಿಮಗೆ ಕೆಳಗಡೆ ಬೈಂಡಿಂಗ್ ರೂಮಲ್ಲಿ ಜಾಗ ಇದೆ."

ಬೈಂಡಿಂಗ್ ರೂಮು! ಕಿಟಕಿಯಿಲ್ಲ, ಗೋಂದಿನ ವಾಸನೆ, ಮಾತಿಗೆ ಇಲಿಗಳು. ಇಷ್ಟು ವರ್ಷ ಜನರ ಮುಂದೆ ಕೂತು ಉತ್ತರ ಕೊಟ್ಟವಳಿಗೆ ಕೊಡುವ ಬಹುಮಾನ ಇದು.

ಜೂನ್ 4, ಮಂಗಳವಾರ

ಮೊದಲ ಸೊನ್ನೆ ವರದಿ ಬಂತು. ಓದಿ ತಲೆ ಚಿಟ್ಟು ಹಿಡಿಯಿತು. ಯಾವ ಕಂಪ್ಯೂಟರಿನಿಂದ ಏನು ಟೈಪ್ ಮಾಡಿದರು ಎಂದಷ್ಟೇ ಇರುತ್ತದೆ, ಯಾರು ಎಂದಿರುವುದಿಲ್ಲ. ಇರದಿರುವುದೇ ಒಳ್ಳೆಯದು, ಇದ್ದಿದ್ದರೆ ಕೆಲವರ ಮನೆಗೆ ಹೋಗಿ ಕಿವಿ ಹಿಂಡಿ ಬರುತ್ತಿದ್ದೆ.

"ಆ ಕೆಂಪು ಪುಸ್ತಕ." "ಹೋದ ಸಲ ಓದಿದ್ದು." "ಪಕ್ಕದ ಮನೆ ನಾಯಿ ಬೊಗಳಿದರೆ ಕಾನೂನು." "ಬೇಗ ಪಾಸ್ ಆಗುವುದು." ಒಬ್ಬ ಮಹಾನುಭಾವ "ನಮಸ್ಕಾರ" ಎಂದು ಹುಡುಕಿದ್ದಾನೆ. ಇನ್ನೊಬ್ಬ "ಯಾರಾದ್ರೂ ಇದೀರಾ" ಎಂದು. ಬಾವಿಗೆ ಬಗ್ಗಿ ಕೂಗುವವರ ಹಾಗೆ!

ಕಿಟಕಿ ಪಕ್ಕದ ಕಂಪ್ಯೂಟರಿನಿಂದ: "ಮಳೆ ಬಂದರೆ ತಲೆ ಮೇಲೆ ಬಿಚ್ಚುವುದು." ಛತ್ರಿ ಎಂದರೆ ಬಾಯಿ ನೋಯುತ್ತದೆಯೇ? ಅದೇ ಕಂಪ್ಯೂಟರಿನಿಂದ: "ಬಟ್ಟೆಗೆ ದಾರ ತೂರಿಸುವ ಚೂಪು." ಸೂಜಿ. ಯಾರೋ ಒಗಟು ಹಾಕಿ ಆಟವಾಡುತ್ತಿದ್ದಾರೆ. ಕಾಲೇಜಿನವರೇ ಇರಬೇಕು, ಬೇರೆ ಕೆಲಸವಿಲ್ಲ.

ಮನೆಗೆ ಬಂದರೆ ಅಕ್ಕ: "ಅದು ಎಲ್ಲಿಟ್ಟೆ?"

"ಅದು ಅಂದ್ರೆ ಯಾವುದು?"

"ಅದೇ ಕಣೆ, ಆಗ ಇತ್ತಲ್ಲ."

ಇಬ್ಬರೇ ಇರುವ ಮನೆಯಲ್ಲೂ ನನಗೆ ಸೊನ್ನೆ ವರದಿ. ಕೂಗಾಡಿದೆ. ಯಂತ್ರ ಮೇಜಿನ ಮೇಲೆ ಕೂತಿತು.

ಜೂನ್ 6, ಗುರುವಾರ

"ಗೋಡೆ ಮೇಲೆ ಟಿಕ್ ಟಿಕ್." "ಕೂದಲು ಕತ್ತರಿಸುವವನು ಹಿಡಿಯುವ ಎರಡು ಕಾಲು." "ರಾತ್ರಿ ತಲೆ ಕೆಳಗೆ ಮೆತ್ತಗೆ."

ಗಡಿಯಾರ, ಕತ್ತರಿ, ದಿಂಬು. ನಾನೇನು ಶಾಲೆಯ ಮೇಷ್ಟರೇ?

ಊಟದ ಹೊತ್ತಿಗೆ ಅಟೆಂಡರ್ ಬಂದು ವರದಿಗೆ ಬಗ್ಗಿ, "ಇವತ್ತಿನ ಒಗಟು ಯಾವ್ದು ಮೇಡಂ?" ಎಂದ. ಎಲ್ಲರಿಗೂ ಇದು ತಮಾಷೆಯಾಗಿಬಿಟ್ಟಿದೆ. ಕತ್ತರಿಯನ್ನು ಅವನು ನನಗಿಂತ ಮೊದಲು ಹೇಳಿದ್ದಕ್ಕೆ ಇನ್ನೂ ಸಿಟ್ಟು.

ಈ ವ್ಯವಸ್ಥೆ ಹಾಕಿಕೊಟ್ಟ ಕಂಪನಿಯ ಹುಡುಗನಿಗೆ ಫೋನ್ ಮಾಡಿ, ಒಗಟು ಹಾಕುವ ಈ ಪ್ರಾಣಿಯನ್ನು ತಡೆಯಲು ಆಗುತ್ತದೆಯೇ ಎಂದೆ. "ಆಗುತ್ತೆ ಮೇಡಂ," ಎಂದ. ಮಾಳಿಗೆ ಸೋರುವುದನ್ನು ನಿಲ್ಲಿಸು ಎಂದಿದ್ದರೂ ಆಗುತ್ತೆ ಮೇಡಂ ಎನ್ನುತ್ತಿದ್ದ. ಆಗಲಿಲ್ಲ.

ಜೂನ್ 7, ಶುಕ್ರವಾರ

ಇವತ್ತೂ. ಬರೆಯುವ ಚೈತನ್ಯವಿಲ್ಲ.

ಜೂನ್ 11, ಮಂಗಳವಾರ

ಒಂದು ಉಪಾಯ ಮಾಡಿದೆ. ಕಾರ್ಡುಗಳ ಕಾಲದಲ್ಲಿ ನಮ್ಮ ಒಂದು ಪದ್ಧತಿ ಇತ್ತು. ಓದುಗರು ಒಂದು ಪದದಿಂದ ಹುಡುಕಬಹುದು, ಪುಸ್ತಕ ಇನ್ನೊಂದು ಪದದ ಕೆಳಗಿರಬಹುದು. ಆಗ ಮೊದಲ ಪದಕ್ಕೊಂದು ಕಾರ್ಡು ಬರೆದು "ನೋಡಿ" ಎಂದು ಹಾಕಿ ಎರಡನೆಯದಕ್ಕೆ ಕೈ ತೋರಿಸುತ್ತಿದ್ದೆವು. ಹಲ್ಲುನೋವು, ನೋಡಿ: ದಂತವೈದ್ಯ. ಹೊಸ ವ್ಯವಸ್ಥೆಯಲ್ಲೂ ಯಾವುದೋ ಮೂಲೆಯಲ್ಲಿ ಅದನ್ನು ಸೇರಿಸುವ ಜಾಗವಿದೆ. ಕಂಪನಿಯವನಿಗೇ ಅದು ಗೊತ್ತಿರಲಿಲ್ಲ.

ಕೂತು ಒಗಟುಗಳಿಗೆಲ್ಲ ಹಾಕಿದೆ. "ಮಳೆ ಬಂದರೆ ತಲೆ ಮೇಲೆ ಬಿಚ್ಚುವುದು, ನೋಡಿ: ಛತ್ರಿ." ಛತ್ರಿಯ ಬಗ್ಗೆ ನಮ್ಮಲ್ಲಿ ಪುಸ್ತಕವಿಲ್ಲ, ಆದರೂ ಆ ಒಂದು ಸಾಲು ಬಂದರೆ ಲೆಕ್ಕದಲ್ಲಿ ಅದು ಸೊನ್ನೆಯಲ್ಲ. ಆಡುವವನಿಗೆ ಉತ್ತರ ಸಿಕ್ಕಿತು, ಸಾಹೇಬರಿಗೆ ಸೊನ್ನೆ ತಪ್ಪಿತು. ಇನ್ನು ಬಾಯಿ ಮುಚ್ಚಿಕೊಂಡು ಹೋಗುತ್ತಾನೆ.

ಜೂನ್ 12, ಬುಧವಾರ

ಹೋಗಲಿಲ್ಲ. ನಿನ್ನೆ ಮಧ್ಯಾಹ್ನ ಬಂದು ಹಳೆಯ ಒಗಟುಗಳನ್ನೆಲ್ಲ ಮತ್ತೆ ಒಂದೊಂದಾಗಿ ಟೈಪ್ ಮಾಡಿದ್ದಾನೆ. ನಾನು ಹಾಕಿದ "ನೋಡಿ"ಗಳ ಎದುರಿಗೆ ಎಷ್ಟು ಸಲ ಬಳಕೆಯಾಯಿತು ಎಂಬ ಲೆಕ್ಕ ಬರುತ್ತದೆ; ಎಲ್ಲಕ್ಕೂ ಉತ್ತರ ಸಿಕ್ಕಿದೆ. ಕೊನೆಗೆ ಏನು ಹುಡುಕಿದ್ದಾನೆ ಗೊತ್ತೇ? "ಥ್ಯಾಂಕ್ಸ್."

ಥ್ಯಾಂಕ್ಸ್ ಎಂಬ ಪುಸ್ತಕ ನಮ್ಮಲ್ಲಿಲ್ಲ. ಆದ್ದರಿಂದ ಅದೂ ಒಂದು ಸೊನ್ನೆ. ನನ್ನ ಕರ್ಮ.

ಆಮೇಲೆ ಹೊಸದು ಒಂದು ರಾಶಿ.

ಜೂನ್ 14, ಶುಕ್ರವಾರ

ಇವತ್ತಿನವು ಕಷ್ಟವಿದ್ದವು. "ಕಾಗದಕ್ಕೆ ಅಂಟಿಸಿ ಡಬ್ಬಕ್ಕೆ ಹಾಕುವ ಚೌಕ" ಅಂಚೆಚೀಟಿ ಎಂದು ಹೊಳೆಯಲು ಮಧ್ಯಾಹ್ನವಾಯಿತು. "ನಡೆದರೆ ಹಿಂದೆ ಬರುತ್ತದೆ, ಕತ್ತಲೆಯಲ್ಲಿ ಇಲ್ಲ" ಎಂಬುದಕ್ಕೆ ನಾಯಿ ಎಂದು ಹಾಕಿದ್ದೆ. ಬಸ್ಸಿನಲ್ಲಿ ನಿಂತಿದ್ದಾಗ ನೆರಳು ಎಂದು ಹೊಳೆಯಿತು. ಇಳಿದು, ವಾಪಸ್ ಹೋಗಿ, ಬೀಗ ತೆಗೆಸಿ ತಿದ್ದಿ ಬಂದೆ. ತಪ್ಪು ಉತ್ತರ ಕೊಟ್ಟರೆ ಆ ಕಿಡಿಗೇಡಿ ನಾಳೆ ನಗುತ್ತಾನಲ್ಲ, ಅದಕ್ಕೆ. ಕಾವಲುಗಾರ ನನ್ನ ಮುಖವನ್ನೇ ನೋಡಿದ.

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ಇವನಿಗೆ ಕಂಕುಳಲ್ಲಿರುವುದಕ್ಕೆ ಮಗು ಎನ್ನುತ್ತಾರೆ ಎಂದೇ ಗೊತ್ತಿಲ್ಲ.

ಜೂನ್ 18, ಮಂಗಳವಾರ

"ತಂಗಿ ಅಲ್ಲ ಮಗಳು ಅಲ್ಲ ಮನೆಯಲ್ಲಿ ಜೊತೆಗೆ ಇರುವವಳು."

ಅಟೆಂಡರ್ ನಕ್ಕು ನಕ್ಕು ಕೆಮ್ಮಿದ. "ಇದಕ್ಕೆ ಏನು ಹಾಕ್ತೀರಿ ಮೇಡಂ? ನೋಡಿ: ತಲೆನೋವು ಅಂತ ಹಾಕಿ." ನಾನೂ ನಕ್ಕೆ. "ನೋಡಿ: ಹೆಂಡತಿ" ಎಂದು ಹಾಕಿದೆ.

ಜೂನ್ 19, ಬುಧವಾರ

ಕಿಟಕಿ ಪಕ್ಕದ ಕಂಪ್ಯೂಟರಿನಿಂದ ನಿನ್ನೆ ಬಂದದ್ದನ್ನು ಹಾಗೇ ಬರೆಯುತ್ತೇನೆ.

"ಹೆಂಡತಿ."

"ಹೆಂಡತಿ ಹೆಸರು."

"ಹೆಂಡತಿ ಹೆಸರು ನಾನು ಕರೆಯುವುದು."

"ಹೆಂಡತಿಯನ್ನು ನಾನು ಮನೆಯಲ್ಲಿ ಕರೆಯುತ್ತಿದ್ದ ಹೆಸರು."

ಕೊನೆಯದನ್ನು ಮತ್ತೆ ಮತ್ತೆ ಹುಡುಕಿದ್ದಾರೆ. ಒಂದೇ ವಾಕ್ಯ, ಪುಟದ ಉದ್ದಕ್ಕೂ. ಪ್ರತಿ ಸಲವೂ ನೀವು ಹುಡುಕಿದ್ದು ಸಿಗಲಿಲ್ಲ, ನೀವು ಹುಡುಕಿದ್ದು ಸಿಗಲಿಲ್ಲ.

ಇದು ಆಟವಲ್ಲ. ಯಾವ ದಿನವೂ ಆಟವಾಗಿರಲಿಲ್ಲ. ಯಾರಿಗೋ ಮಾತುಗಳು ಕಳೆದುಹೋಗಿವೆ. ಛತ್ರಿ, ಸೂಜಿ, ಗಡಿಯಾರ ಎಲ್ಲ ಮನೆಯಲ್ಲಿ ಕಣ್ಣೆದುರಿಗೇ ಇವೆ, ಅವುಗಳ ಹೆಸರು ಇಲ್ಲ. ಅದನ್ನು ಹುಡುಕಲು ಲೈಬ್ರರಿಗೆ ಬರುತ್ತಿದ್ದಾರೆ. ನಾವು ಇಲ್ಲಿ ಕೂತು ಊಟದ ಹೊತ್ತಿಗೆ ನಗುತ್ತಿದ್ದೆವು. ಅಟೆಂಡರ್ ಬಂದು ಇವತ್ತಿನ ಒಗಟು ಯಾವುದು ಎಂದಾಗ ಹಾಳೆಯನ್ನು ಅವನ ಕೈಗೆ ಕೊಟ್ಟೆ. ಓದಿ, ಅದನ್ನು ಮಡಚಿ ಮೇಜಿನ ಮೇಲಿಟ್ಟು ಹೊರಟುಹೋದ.

ಹೆಂಡತಿಯ ಮನೆಯ ಹೆಸರಿಗೆ ನಾನು ಯಾವ "ನೋಡಿ" ಹಾಕಲಿ? ಯಾವ ಪುಸ್ತಕದಲ್ಲಿದೆ ಅದು?

ಜೂನ್ 20, ಗುರುವಾರ

ಹಿಂದಿನ ಹಾಲಿಗೆ ಹೋಗಿ ಕಿಟಕಿ ಪಕ್ಕ ನೋಡಿ ಬಂದೆ. ಒಬ್ಬ ಹುಡುಗಿ ಕೂತು ಕೆಲಸದ ಅರ್ಜಿ ತುಂಬುತ್ತಿದ್ದಳು. ಮತ್ತೆ ಹೋದೆ, ಕುರ್ಚಿ ಖಾಲಿ. ಮತ್ತೆ ಹೋಗುವಷ್ಟರಲ್ಲಿ ಸಾಹೇಬರು ಎದುರಾದರು.

"ಮೇಜು ಬಿಟ್ಟು ಓಡಾಡ್ತಿದೀರಲ್ಲ ಮೇಡಂ? ನೀವೇ ತೋರಿಸಿಕೊಟ್ಟ ಹಾಗಾಯ್ತು, ಮೇಜು ಬೇಡ ಅಂತ."

ಹಾಲಿನಲ್ಲಿ ಒಬ್ಬ ಮುದುಕ ತಡೆದು ಇದರಲ್ಲಿ ಹಳೆಯ ಪತ್ರಿಕೆ ಬರುವುದು ಹೇಗೆ ಎಂದು ಕೇಳಿದ. ತೋರಿಸಿದೆ. ಆ ಹುಡುಗಿಯೂ ಏನೋ ಕೇಳಿದಳು. ಇದರಲ್ಲೇ ಹೊತ್ತು ಹೋಯಿತು, ನನ್ನ ಕೆಲಸ ಹಾಳು.

ಜೂನ್ 21, ಶುಕ್ರವಾರ

ಅಯ್ಯೋ, ಇವರ ಬುದ್ಧಿಗಿಷ್ಟು!

ಸಾಹೇಬರು ಕಂಪನಿಯ ಹುಡುಗನನ್ನು ಕರೆಸಿದ್ದಾರೆ. ನಾಳೆಯಿಂದ ಹುಡುಕಿದವರಿಗೆ ಸಿಗಲಿಲ್ಲ ಎಂದು ಬರುವುದೇ ಇಲ್ಲವಂತೆ. ಇಲ್ಲದಿದ್ದರೆ ಹತ್ತಿರದ್ದು ಯಾವುದೋ ಒಂದನ್ನು ತೋರಿಸುತ್ತದಂತೆ. ಸೊನ್ನೆಯೇ ಬರದಿದ್ದ ಮೇಲೆ ಸೊನ್ನೆ ವರದಿಯೂ ಇಲ್ಲ.

"ಸಾರ್, ಇಲ್ಲದ್ದನ್ನ ಇಲ್ಲ ಅಂತ ಹೇಳಬೇಕಲ್ವಾ?"

"ಇಲ್ಲ ಅನ್ನೋದು ಒಳ್ಳೇ ಸೇವೆ ಅಲ್ಲ ಮೇಡಂ. ಏನಾದ್ರೂ ಕೊಡಬೇಕು."

"ನೀರು ಕೇಳಿದವನಿಗೆ ಸೀಮೆಎಣ್ಣೆ ಕೊಟ್ಟ ಹಾಗೆ. ಅದೂ ಹರಿಯುತ್ತೆ ಅಂತ."

"ಆಗುತ್ತೆ ಮೇಡಂ," ಎಂದ ಕಂಪನಿಯವನು ನಡುವೆ. ಏನು ಆಗುತ್ತದೆಯೋ, ಅವನ ತಲೆ.

ನನಗೆ ವರದಿ ಬೇಕು ಸಾರ್, ಒಬ್ಬ ಮನುಷ್ಯ ಅದರಲ್ಲಿ ಮಾತಾಡುತ್ತಿದ್ದಾನೆ, ಅದು ನಿಂತರೆ ಅವನ ದನಿ ನನಗೆ ಕೇಳುವುದಿಲ್ಲ ಎಂದೆ. ಸಾಹೇಬರು ನನ್ನನ್ನು ಒಂದು ಗಳಿಗೆ ನೋಡಿ, ರಜೆ ಎಷ್ಟು ಬಾಕಿ ಇದೆ ಎಂದು ಕೇಳಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದೆ.

ಇವತ್ತಿನ ವರದಿಯಲ್ಲೂ ಅದೇ ವಾಕ್ಯವಿತ್ತು. ಅದರ ಕೆಳಗೆ: "ಕೇಳಲು ಆಗುವುದಿಲ್ಲ ಅವಳನ್ನು."

ಜೂನ್ 24, ಸೋಮವಾರ

ವರದಿ ಬಂತು. ಖಾಲಿ ಹಾಳೆ. ಸಾಹೇಬರು ಅದರ ಫೋಟೋ ತೆಗೆದುಕೊಂಡರು.

ಜೂನ್ 26, ಬುಧವಾರ

ಇವತ್ತಿನದನ್ನು ಮೊದಲಿನಿಂದ ಬರೆಯಬೇಕು.

ಮಧ್ಯಾಹ್ನ ಹಿಂದಿನ ಹಾಲಿನಿಂದ ಧಡ್ ಧಡ್ ಎಂಬ ಸದ್ದು. ಓಡಿದೆ. ಕಿಟಕಿ ಪಕ್ಕದಲ್ಲಿ ಎತ್ತರದ ಒಬ್ಬ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯವರೆಗೂ ಗುಂಡಿ, ಕೀಲಿಮಣೆಯನ್ನು ಅಂಗೈಯಿಂದ ಬಡಿಯುತ್ತಿದ್ದಾರೆ. ಅಟೆಂಡರ್ ಅವರ ತೋಳು ಹಿಡಿದು, "ಏಳ್ರೀ ಮೇಲೆ, ಸರ್ಕಾರದ ಸಾಮಾನು," ಎನ್ನುತ್ತಿದ್ದಾನೆ.

ಪರದೆ ನೋಡಿದೆ. ಹೆಂಡತಿಯನ್ನು ನಾನು ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಅದರ ಕೆಳಗೆ ಸಾಲಾಗಿ ಪುಸ್ತಕಗಳು: ಮಕ್ಕಳಿಗೆ ಇಡಬಹುದಾದ ಹೆಸರುಗಳು, ಸಸ್ಯಗಳ ಶಾಸ್ತ್ರೀಯ ಹೆಸರುಗಳು, ಮನೆ ಕಟ್ಟುವವರಿಗೆ ಕಿವಿಮಾತು.

"ಬಿಡು ಅವರನ್ನ," ಎಂದೆ. ಅಟೆಂಡರನೂ ಪರದೆ ನೋಡಿ ಕೈ ಬಿಟ್ಟ.

"ಇದು ಸುಳ್ಳು ಹೇಳ್ತಿದೆ," ಎಂದರು ಆ ಮನುಷ್ಯ. "ಮೊದಲು ಇಲ್ಲ ಅಂತಿತ್ತು. ಇಲ್ಲ ಅಂದ್ರೆ ಒಪ್ಕೋಬಹುದು. ಈಗ ಇದೆ ಇದೆ ಅಂತ... ಅದು... ಹಸಿರು, ನೆಲದಿಂದ ಬರೋದು..."

"ಗಿಡ."

"ಗಿಡ! ಗಿಡದ್ದು ತೋರಿಸುತ್ತೆ."

ಕುರ್ಚಿ ಎಳೆದು ಪಕ್ಕದಲ್ಲಿ ಕೂತೆ. ತಡೆದು ತಡೆದು ಹೇಳಿದರು. ಕೆಲವು ತಿಂಗಳ ಹಿಂದೆ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತಂತೆ. ಕೈಕಾಲು ಉಳಿಯಿತು, ಮಾತೂ ಉಳಿಯಿತು, ಹೆಸರುಗಳು ಹೋದವು. ಬೇಕೆಂದಾಗ ಬರುವುದಿಲ್ಲ.

"ಡಾಕ್ಟರು ಹೇಳಿದ್ರು, ಸುತ್ತಿ ಬಳಸಿ ಹೇಳಿ, ಸಿಗುತ್ತೆ ಅಂತ. ಮನೇಲಿ ಸುತ್ತಿದ್ರೆ ಮಗ ಮುಖ ನೋಡ್ತಾನೆ. ಪಾಪ ಅನ್ನೋ ಮುಖ. ಇದಕ್ಕೆ ಮುಖ ಇಲ್ಲ. ಅದಕ್ಕೆ ಇಲ್ಲಿ ಬಂದೆ. ಆಮೇಲೆ ಇದೇ ಹೇಳೋಕೆ ಶುರು ಮಾಡ್ತು. ಛತ್ರಿ ಅಂತು, ಸೂಜಿ ಅಂತು. ಒಳ್ಳೇ ಯಂತ್ರ ಆಗಿತ್ತು. ಯಾರೋ ಕೆಡಿಸಿದ್ರು."

ಆ ಉತ್ತರಗಳನ್ನು ಹಾಕಿದ್ದು ನಾನು ಎಂದು ಹೇಳಲಿಲ್ಲ.

"ನಿಮ್ಮ ಹೆಂಡತಿ ಹೆಸರು ರೇಷನ್ ಕಾರ್ಡಲ್ಲಿ ಇರುತ್ತಲ್ಲ?"

"ಅದು ಇದೆ. ಓದ್ತೀನಿ. ಓದಿ ಕರೆದೆ. ಪೋಸ್ಟ್‌ಮ್ಯಾನ್ ಕರೆದ ಹಾಗಾಯ್ತು ಅಂತ ನಕ್ಕಳು. ಆಮೇಲೆ ಒಳಗೆ ಹೋಗಿ... ಕಣ್ಣಿಂದ..."

"ಅತ್ತರಾ?"

"ಅತ್ಳು. ನಾನು ಬೇರೆ ಏನೋ ಕರೀತಿದ್ದೆ. ನಾನೊಬ್ಬನೇ. ಮದುವೆಗೂ ಮೊದಲಿಂದ."

"ಅವರನ್ನೇ ಕೇಳಬಹುದಲ್ಲ?"

ಎಂಥ ದಡ್ಡಿ ಇವಳು ಎಂಬಂತೆ ನೋಡಿದರು. "ಹೇಗೆ ಕೇಳಲಿ? ನಿನ್ನ ನಾನು ಏನಂತ ಕರೀತಿದ್ದೆ, ಹೇಳು ಅಂತಲಾ? ಕಾಯ್ತಿದಾಳೆ ಅವಳು. ದಿನಾ ನನ್ನ ಬಾಯಿ ನೋಡ್ತಾಳೆ."

ಪುಸ್ತಕದ ಹೆಸರು ಮರೆತು ಬಂದವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ, ಅದನ್ನೇ ಕೇಳಿದೆ.

"ಎಲ್ಲಿ ನೋಡಿದ್ರಿ? ಮೊದಲ ಸಲ?"

"ಜನ ಹತ್ತುತ್ತಾರೆ, ಇಳೀತಾರೆ. ನಾನು ಚೀಟಿ ಹರಿದು ಕೊಡೋನು."

"ಬಸ್ಸು! ಕಂಡಕ್ಟರ್ ಆಗಿದ್ರಾ? ಅವರು ಎಲ್ಲಿ ಹತ್ತುತ್ತಿದ್ರು?"

ಕಣ್ಣು ಮುಚ್ಚಿದರು, ಹಣೆ ಒತ್ತಿಕೊಂಡರು. ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಸಾಕು ಎನಿಸಿತು ನನಗೆ.

"ನೆನಪು ಮಾಡ್ಕೋಬೇಡಿ. ಬಸ್ಸು ಹೊರಡಿಸಿ. ಮೊದಲು ಏನಂತ ಕೂಗ್ತಿದ್ರಿ?"

ಕಣ್ಣು ತೆರೆದರು. ಆಮೇಲೆ ಎದ್ದು ನಿಂತರು. ಎಡಗೈ ತಾನಾಗಿ ಮೇಲೆ ಹೋಗಿ ಇಲ್ಲದ ಕಂಬಿಯನ್ನು ಹಿಡಿಯಿತು.

"ಮಾರ್ಕೆಟ್, ಮಾರ್ಕೆಟ್, ಮಾರ್ಕೆಟ್! ಒಳಗೆ ಹೋಗ್ರೀ, ಮುಂದೆ ಖಾಲಿ ಇದೆ! ಹಳೇ ಕೋರ್ಟ್! ಕೋರ್ಟ್ ಇಳಿಯೋರು ಬಾಗಿಲಿಗೆ ಬನ್ನಿ! ಆಸ್ಪತ್ರೆ ಗೇಟ್! ನಿಧಾನ, ಅಜ್ಜಿ ಇಳೀತಿದಾರೆ, ನಿಧಾನ! ರೈಲು ಗೇಟ್!"

ಓದುವ ಹಾಲು, ಅದರಲ್ಲಿ ಈ ಗಂಟಲು! ಎಲ್ಲ ತಲೆಗಳೂ ತಿರುಗಿದವು. ಗಿಡ ಎನ್ನಲಾಗದ ಬಾಯಿಂದ ಒಂದು ತಡೆಯಿಲ್ಲದೆ ಸ್ಟಾಪುಗಳು ಉರುಳಿ ಬರುತ್ತಿದ್ದವು. ಯಾರೋ ಶ್ ಎಂದರು. "ನೀವು ಶ್," ಎಂದ ಅಟೆಂಡರ್.

"ನೀರಿನ ಟ್ಯಾಂಕ್, ಟ್ಯಾಂಕ್, ಟ್ಯಾಂ..."

ನಿಂತರು. ಕೈ ಮೇಲೆಯೇ ಇತ್ತು. ಮುಖ ಹೇಗೋ ಆಯಿತು.

"ಟ್ಯಾಂಕು," ಎಂದರು ಮೆಲ್ಲಗೆ. ಅದು ಕೂಗುವ ದನಿಯಲ್ಲ. "ಬೇಗ ಹತ್ತೇ, ಟ್ಯಾಂಕು. ಎಷ್ಟು ಹೊತ್ತು ಬಸ್ಸು ನಿಲ್ಲಿಸ್ಕೊಂಡಿರೋದು ನಿನಗೋಸ್ಕರ."

ನನಗೆ ಅಳು ಬಂತು, ತಡೆಯಲಿಲ್ಲ. ಅವರು ನನ್ನನ್ನು ನೋಡಲೂ ಇಲ್ಲ. ತುಂಬಿದ ಬಿಂದಿಗೆ ಹೊತ್ತವರ ಹಾಗೆ ಕತ್ತು ಅಲುಗಿಸದೆ, ಟ್ಯಾಂಕು, ಟ್ಯಾಂಕು ಎನ್ನುತ್ತಾ ಕಪಾಟುಗಳ ನಡುವೆ ಹಾದು ಹೊರಗೆ ಹೋಗಿಬಿಟ್ಟರು.

ಸಾಹೇಬರು ಕೋಣೆಯಿಂದ ಓಡಿಬಂದರು. "ಏನಿದು ಮೇಡಂ ಗಲಾಟೆ?"

"ವಿಚಾರಣೆ ಸಾರ್," ಎಂದೆ. "ಒಬ್ಬರಿಗೆ ಸಿಕ್ತು."

ಜೂನ್ 27, ಗುರುವಾರ

ಅವರು ಬರಲಿಲ್ಲ. ಮನೆಯವರೆಗೆ ಹೆಸರು ಉಳಿಯಿತೋ, ದಾರಿಯಲ್ಲೇ ಚೆಲ್ಲಿಹೋಯಿತೋ?

ಜೂನ್ 28, ಶುಕ್ರವಾರ

ಇವತ್ತೂ ಇಲ್ಲ. ಮೇಲಿನವರು ಬಂದು ಖಾಲಿ ವರದಿ ನೋಡಿ ತಲೆದೂಗಿದರು. ಇಷ್ಟು ಚೆನ್ನಾಗಿ ನಡೆಯುವಾಗ ವಿಚಾರಣೆ ಮೇಜು ಯಾಕೆ ಎಂದರಂತೆ. ಸೊನ್ನೆ ಇದ್ದರೂ ಮೇಜು ಹೋಗುತ್ತಿತ್ತು, ಇಲ್ಲದಿದ್ದರೂ ಹೋಯಿತು. ಅಳಿಯ ಅಲ್ಲ, ಮಗಳ ಗಂಡ. ನಾನು ಕಿಟಕಿಯ ಪಕ್ಕ ಕಾಯುತ್ತಿದ್ದೆ, ಮೇಲಿನವರು ಯಾವಾಗ ಹೊರಟರೋ ಗೊತ್ತಾಗಲಿಲ್ಲ. ಕಾಯುತ್ತಿದ್ದಾಗ ಕಣ್ಣು ಸರಿ ಕಾಣದ ಒಬ್ಬ ತಾಯಿಗೆ ಮಗನ ಕಾಯಿಲೆಯ ಬಗ್ಗೆ ಓದಿ ಹೇಳಬೇಕಾಯಿತು. ಕಾಯಿಲೆಯ ಹೆಸರು ಆಕೆಗೆ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ಸಿಕ್ಕಿತು.

ಮನೆಯಲ್ಲಿ ಅಕ್ಕ, "ಅದು ಎಲ್ಲಿಟ್ಟೆ?" ಎಂದಳು.

"ಯಾವುದು? ಕೊನೇ ಸಲ ಎಲ್ಲಿ ನೋಡಿದೆ? ಏನ್ ಮಾಡ್ತಿದ್ದೆ ಆಗ?"

ಬಾಚಣಿಗೆ. ಕನ್ನಡಿಯ ಹಿಂದೆ ಬಿದ್ದಿತ್ತು. ಎತ್ತಿಕೊಟ್ಟರೆ ತೆಗೆದುಕೊಳ್ಳದೆ ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರ ಗಿರ ಬಂದಿದ್ಯಾ? ಬೈಲೇ ಇಲ್ಲ."

ಇವಳಿಗೆ ಒಳ್ಳೆಯ ಮಾತಾಡಿದರೂ ಕಷ್ಟ.

ಜುಲೈ 1, ಸೋಮವಾರ

ಮೇಜು ಹೊತ್ತುಕೊಂಡು ಹೋದರು. ಹಿಂದಿನ ಹಾಲಿನಲ್ಲಿ ಜನ ಜಾಸ್ತಿ ಇದ್ದರು, ಅದನ್ನು ನೋಡಲು ಪುರುಸೊತ್ತಾಗಲಿಲ್ಲ. ಬೈಂಡಿಂಗ್ ರೂಮಿಗೆ ಯಾವಾಗ ಹೋಗುತ್ತೀರಿ ಎಂದು ಸಾಹೇಬರು ಕೇಳಿದರು. ನನ್ನ ಎದುರಿಗೆ ಆಗ ಸಾಲು ನಿಂತಿತ್ತು. ಕೈ ಖಾಲಿಯಾದ ಮೇಲೆ ಎಂದೆ.

ಜುಲೈ 2, ಮಂಗಳವಾರ

ಕಡ್ಡಿಯಂಥ ಒಬ್ಬ ಹೆಂಗಸು ಹಾಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, "ಇಲ್ಲಿ ಬಸ್ಸು ಬಿಡೋರು ಯಾರು?" ಎಂದರು. ಅಟೆಂಡರ್ ನನ್ನ ಕಡೆ ಕೈ ತೋರಿಸಿದ.

"ನೀವಾ? ಏನ್ ಮಾಡಿದ್ರಿ ನಮ್ಮನೆಯವರಿಗೆ? ಬೀದಿ ತುದಿಯಿಂದ ಟ್ಯಾಂಕು ಟ್ಯಾಂಕು ಅಂತ ಕೂಗ್ಕೊಂಡು ಬಂದ್ರು! ಇಷ್ಟು ವರ್ಷ ಬಾಗಿಲು ಹಾಕ್ಕೊಂಡು ಕರೀತಿದ್ದ ಹೆಸರು, ಇಡೀ ಬೀದಿಗೆ ಗೊತ್ತಾಯ್ತು. ಮಕ್ಕಳೆಲ್ಲ ಟ್ಯಾಂಕಜ್ಜಿ ಅಂತಾವೆ. ಸೊಸೆ ಸೆರಗಲ್ಲಿ ಮುಖ ಮುಚ್ಕೊಂಡು ನಗ್ತಾಳೆ. ನಾನು ಮುಖ ಎತ್ಕೊಂಡು ಓಡಾಡೋದು ಹೇಗೆ?"

ತಪ್ಪಾಯಿತು ಎಂದೆ.

ಆಕೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಸಿಟ್ಟು ಸುಳ್ಳು ಎಂದು ಕೂತ ಮೇಲೆ ಗೊತ್ತಾಯಿತು. ಕೆನ್ನೆ ಒದ್ದೆಯಾಗಿತ್ತು.

"ಉಳೀತಾ ಹೆಸರು?" ಎಂದು ಕೇಳಿದೆ.

"ಎಲ್ಲಿ ಉಳಿಯುತ್ತೆ? ಬೆಳಿಗ್ಗೆ ಏಳೋ ಹೊತ್ತಿಗೆ ಮತ್ತೆ ಹೋಗಿತ್ತು. ನನ್ನ ಮುಖ ನೋಡಿದ್ರು. ನನ್ನ ಜೀವ ಬಾಯಿಗೆ ಬಂತು. ಆಮೇಲೆ ಹಾಸಿಗೆ ಮೇಲೇ ಎದ್ದು ಕೂತು ಕೈ ಮೇಲೆ ಎತ್ತಿ ಮಾರ್ಕೆಟ್, ಮಾರ್ಕೆಟ್ ಅಂತ ಶುರು ಮಾಡಿದ್ರು. ಈಗ ಪ್ರತಿ ಸಲ ಹಾಗೇ. ನೀರು ಬೇಕು ಅಂತ ನನ್ನ ಕರೀಬೇಕಾದ್ರೂ ಮಾರ್ಕೆಟ್ಟಿಂದ ಹೊರಡ್ತಾರೆ. ಕೋರ್ಟು, ಆಸ್ಪತ್ರೆ, ಎಲ್ಲ ಕಡೆ ನಿಲ್ಲಿಸ್ಕೊಂಡು ಬರ್ತಾರೆ."

"ನಿಮಗೆ ಬೇಜಾರಾಗಲ್ವಾ?"

"ಯಾಕೆ? ಮೊದಲೂ ಅಷ್ಟೇ ಅಲ್ವಾ. ಸ್ಟಾಪಲ್ಲಿ ನಿಂತು ಕಾಯ್ತಿದ್ದೆ. ಅವರು ಬಂದೇ ಬರ್ತಿದ್ರು."

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಯಜಮಾನರು ಹೊರಗೆ ನಿಂತಿದ್ದಾರೆ, ಒಳಗೆ ಬರಲು ನಾಚಿಕೆಯಂತೆ ಎಂದರು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಆ ಗಂಟಲು ಕೇಳಿಸಿತು: "ಮಾರ್ಕೆಟ್, ಮಾರ್ಕೆಟ್! ಒಳಗೆ ಹೋಗ್ರೀ!"

ಆಕೆ ಅಲ್ಲೇ ನಿಂತರು. ಒಂದು ಹೆಜ್ಜೆ ಇಟ್ಟರೆ ಅವರಿಗೆ ಕಾಣಿಸುತ್ತಿದ್ದರು, ಇಡಲಿಲ್ಲ. ಬಾಗಿಲಿಗೆ ಕೈಯಿಟ್ಟುಕೊಂಡು ಕೋರ್ಟು ದಾಟುವುದನ್ನು ಕೇಳಿದರು, ಆಸ್ಪತ್ರೆ ಗೇಟಿನಲ್ಲಿ ಅಜ್ಜಿ ಇಳಿಯುವವರೆಗೂ ಕಾದರು, ರೈಲು ಗೇಟು ಬಂದಾಗ ಕೂದಲು ಸರಿ ಮಾಡಿಕೊಂಡರು. ಟ್ಯಾಂಕು ಎಂದು ಕೇಳಿದ ಮೇಲೆ, "ಬಂದೆ ಬಂದೆ," ಎಂದು ಹೊರಗೆ ಹೋದರು.